ಐದೇ ಪ್ರಶ್ನೆಗೆ ನಿಂತ ಪರೀಕ್ಷೆ

ಯಂತ್ರ ಬಂದ ಮೊದಲ ವಾರ ಹನ್ನೊಂದು ಮಂದಿ ಅದರ ಮುಂದೆ ಕುಳಿತರು. ಹನ್ನೊಂದೂ ಮಂದಿಗೆ ಏನೂ ಆಗಿಲ್ಲ ಎಂದು ಅದು ಹೇಳಿತು. ಅವರಲ್ಲಿ ಒಬ್ಬ ತನ್ನ ಹೆಂಡತಿಯ ಮೊಣಕೈ ಮುರಿದಿದ್ದ. ಇನ್ನೊಬ್ಬ ಒಡಹುಟ್ಟಿದ ತಮ್ಮನ ಮುಖಕ್ಕೆ ಕಾದ ಹಂಚು ಒತ್ತಿದ್ದ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಮೊಣಕೈಗೂ ಆ ಮುಖಕ್ಕೂ ಪಟ್ಟಿ ಕಟ್ಟುವಾಗ ರಕ್ತದ ಬೋಗುಣಿ ಹಿಡಿದು ನಿಂತವಳು ನಾನೇ.

ನಾಗಪುರದ ಪ್ರತಾಪ ನಗರದಲ್ಲಿ, ಬಾಡಿಗೆ ಮನೆಯೊಂದರಲ್ಲಿ ನಡೆಯುವ ಮಾಜಿ ಸೈನಿಕರ ದವಾಖಾನೆಯಲ್ಲಿ ನಾನು ಆಯಾ. ಕಸ, ನೀರು, ಹತ್ತಿ, ಬಾಗಿಲು ಕಾಯುವುದು ನನ್ನ ಕೆಲಸ. ಶಾಲೆ ಕಂಡಿದ್ದು ಎರಡನೆಯ ಇಯತ್ತೆವರೆಗೆ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ.

ಯಂತ್ರಕ್ಕೂ ಮುಂಚೆ ಕಾಗದದ ಪರೀಕ್ಷೆ ಇತ್ತು. ಯುದ್ಧದ ಪೆಟ್ಟು ತಲೆಯೊಳಗೆ ಎಷ್ಟು ಉಳಿದಿದೆ ಎಂದು ನೋಡುವ ಪರೀಕ್ಷೆ. ಪುಟಗಟ್ಟಲೆ ಪ್ರಶ್ನೆ, ಒಂದೇ ಮಾತನ್ನು ನಾಲ್ಕು ತರಹ ಕೇಳುವುದು. ಅರ್ಧಕ್ಕೆ ಬರುವಷ್ಟರಲ್ಲಿ ಗಂಡಸರ ತಲೆ ಕೆಡುತ್ತಿತ್ತು. ಒಬ್ಬ ಕಂಪೌಂಡರನ ಮುಂಗೈ ಕಚ್ಚಿ ಮಾಂಸ ಎಳೆದ. ಮತ್ತೊಬ್ಬ ಕಾಗದ ಹರಿದು ಬಾಯಿಗೆ ತುರುಕಿಕೊಂಡು, ಕುರ್ಚಿ ಎತ್ತಿ ಟ್ಯೂಬ್‌ಲೈಟಿಗೆ ಬೀಸಿದ. ಗಾಜು ಅವನ ತಲೆಯ ಮೇಲೇ ಸುರಿಯಿತು. ನಾನು ಚಿಮಟಿಗೆಯಿಂದ ಚೂರು ತೆಗೆಯುತ್ತಿದ್ದರೆ ಅವನು, "ಇನ್ನ ಎಷ್ಟ ಪ್ರಶ್ನೆ ಉಳದಾವ, ಯವ್ವಾ?" ಎಂದು ಕೇಳುತ್ತಿದ್ದ.

ಹೊಸ ಪರೀಕ್ಷೆ ತಂದವಳು ಬೆಂಗಳೂರಿನಿಂದ ಬಂದ ಡಾಕ್ಟರ್ ಬಾಯಿ. ಮನಸ್ಸಿನ ಡಾಕ್ಟರು, ಸಣ್ಣ ವಯಸ್ಸು. ಕಂಪ್ಯೂಟರಿನ ಹಲಗೆಯಂಥ ಟ್ಯಾಬನ್ನು ಮೇಜಿನ ಮೇಲಿಟ್ಟು ನನಗೆ ತಿಳಿಸಿ ಹೇಳಿದಳು.

"ಅಮ್ಮಾ, ಇದು ಎಲ್ಲಾ ಪ್ರಶ್ನೆ ಕೇಳಲ್ಲ. ಹೊಟ್ಟೆನೋವು ಅಂತ ಬಂದವರ ಹೊಟ್ಟೆ ಒತ್ತಿ ನೋಡ್ತಾರಲ್ಲ, ಹಾಗೆ. ಮೊದಲು ನಡುಮಧ್ಯ ಒತ್ತುತ್ತೆ. ನೋವಿದೆ ಅಂದ್ರೆ ಇನ್ನೂ ಜೋರಾಗಿ ಒತ್ತುತ್ತೆ. ಇಲ್ಲ ಅಂದ್ರೆ ಹಗುರವಾದ ಪ್ರಶ್ನೆಗೆ ಹೋಗುತ್ತೆ. ಎಷ್ಟು ಬೇನೆ ಅಂತ ಖಾತ್ರಿ ಆದ ತಕ್ಷಣ ನಿಂತುಬಿಡುತ್ತೆ."

"ಖಾತ್ರಿ ಆತಂತ ಅದಕ್ಕ ಹೆಂಗ ತಿಳೀತೈತ್ರಿ?"

"ಒಂದೊಂದು ಉತ್ತರಕ್ಕೂ ಲೆಕ್ಕ ಹಾಕುತ್ತೆ. ಇಲ್ಲಿ ನೋಡಿ, ಈ ಬೂದು ಪಟ್ಟಿ ಅದರ ಅನುಮಾನ. ಉತ್ತರ ಬಂದ ಹಾಗೆಲ್ಲ ಕಿರಿದಾಗುತ್ತೆ. ಬೆರಳಷ್ಟಾದಾಗ ಪರೀಕ್ಷೆ ಮುಗೀತು. ಒಳಗೆ ನೂರಕ್ಕೂ ಹೆಚ್ಚು ಪ್ರಶ್ನೆ ಇದೆ. ಒಬ್ಬೊಬ್ಬರಿಗೆ ಹತ್ತೋ ಹದಿನೈದೋ ಬರಬಹುದು, ಅಷ್ಟೇ."

ಯಾರೂ ಕುರ್ಚಿ ಎತ್ತುವುದರೊಳಗೆ ಮುಗಿಯುವ ಪರೀಕ್ಷೆ. ನನಗೆ ಹಿಡಿಸಿತು.

ತೊಂದರೆ ಭಾಷೆಯದು. ಇಲ್ಲಿ ನೆಲೆನಿಂತ ನಮ್ಮ ಕಡೆಯ ಸಿಪಾಯಿಗಳು ಹದಿನೆಂಟಕ್ಕೇ ಪಲ್ಟನ್ ಸೇರಿದವರು. ಮಾತು ಕನ್ನಡ, ಓದುವ ಕನ್ನಡ ಮರೆತೇಹೋಗಿದೆ. ಡಾಕ್ಟರ್ ಬಾಯಿ ತಾನೇ ಪ್ರಶ್ನೆಗಳನ್ನು ಕನ್ನಡಕ್ಕೆ ಮಾಡಿದ್ದಳು. ಮೊದಲನೆಯದನ್ನು ಓದಲು ನನಗೆ ಒಂದು ಲೋಟ ಚಹಾ ಆರುವಷ್ಟು ಹೊತ್ತು ಬೇಕಾಯಿತು: ಅಹಿತಕರ ನೆನಪುಗಳು ಅನೈಚ್ಛಿಕವಾಗಿ ಮರುಕಳಿಸುತ್ತವೆಯೇ?

"ಇದನ್ನ ಯಾರಿಗೆ ಕೇಳೂದ್ರಿ, ದೇವರಿಗೇನು?" ಎಂದೆ.

ಅವಳು ನಕ್ಕಳು. ಮಧ್ಯಾಹ್ನ ರೋಗಿಗಳಿಲ್ಲದಾಗ ಇಬ್ಬರೂ ಕುಳಿತು ಒಂದೊಂದನ್ನೂ ಒಡೆದು ಕಟ್ಟಿದೆವು. ಅದು ಹೀಗಾಯಿತು: ಬ್ಯಾಡಂದ್ರೂ ಆಗಿದ್ದು ಕಣ್ಣಮುಂದ ಬರತೈತೇನು? ನಾನು ಹೇಳಿದ್ದನ್ನು ಅವಳು ಹಾಗೇ ಒಪ್ಪಲಿಲ್ಲ. ಏರ್‌ಫೋರ್ಸಿನವರ ಮನೆಯ ಒಬ್ಬ ಕನ್ನಡ ಟೀಚರಿಗೆ ಕೊಟ್ಟು ಮರಳಿ ಇಂಗ್ಲಿಷಿಗೆ ಮಾಡಿಸಿ, ಅರ್ಥ ಜಾರಿಲ್ಲವೆಂದು ತಾಳೆ ನೋಡಿದಳು. ಜಾರಿದ್ದನ್ನು ಮತ್ತೆ ತಿದ್ದಿದೆವು. ಪ್ರತಿ ಪ್ರಶ್ನೆಗೂ ಐದು ಗುಂಡಿ: ಒಟ್ಟ ಇಲ್ಲ, ಅಪರೂಪಕ್ಕ, ಆಗಾಗ, ಬಾಳ ಸಲ, ಯಾವಾಗಲೂ.

ನಾನು ಓದಿ ಹೇಳಬೇಕು. ಎದುರಿನವನು ಹೇಳಿದ್ದನ್ನು ಒತ್ತಬೇಕು. ನನ್ನದೇನೂ ಸೇರಿಸಬಾರದು. ಓದುವುದು ತಡವಾಗುತ್ತದೆಂದು ನೂರಕ್ಕೂ ಮೇಲಿನ ಆ ಪ್ರಶ್ನೆಗಳನ್ನು ನಂಬರಿನ ಸಮೇತ ಬಾಯಿಪಾಠ ಮಾಡಿದೆ. ಪರದೆಯ ಮೇಲೆ ನಂಬರು ಕಂಡರೆ ಸಾಕು, ಪ್ರಶ್ನೆ ಬಾಯಿಗೆ ಬರುತ್ತಿತ್ತು.

ಆಗ ಆಗಿದ್ದೇ ಆ ಹನ್ನೊಂದು ಮಂದಿಯದು. ಐದು, ಆರು ಪ್ರಶ್ನೆಗೆ ಎಲ್ಲ ಮುಗಿಯುತ್ತಿತ್ತು. ಡಾಕ್ಟರ್ ಬಾಯಿ ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು.

ಎರಡನೆಯ ವಾರದ ಸೋಮವಾರ ಹವಾಲ್ದಾರ ಬಂದ. ಬಾಗಲಕೋಟೆ ಕಡೆಯವನು. ಪೆನ್ಷನ್ ಆದ ಮೇಲೆ ಬುಟಿಬೋರಿಯ ಒಂದು ಕಾರ್ಖಾನೆಯ ಗೇಟಿನಲ್ಲಿ ಬಂದೂಕಿನ ಕಾವಲುಗಾರ. ಬಂದೂಕು ಅವನದೇ, ಲೈಸೆನ್ಸೂ ಅವನದೇ, ಪಾಳಿ ಮುಗಿದ ಮೇಲೆ ಅದು ಅವನ ಜೊತೆ ಮನೆಗೆ ಹೋಗುತ್ತದೆ. ಹದಿನೈದು ದಿನದ ಹಿಂದೆ ಲಾರಿಯಿಂದ ಇಳಿಸುವಾಗ ಹಮಾಲನ ಕೈ ತಪ್ಪಿ ತಗಡು ಕಾಂಕ್ರೀಟಿನ ಮೇಲೆ ಬಿದ್ದಿತ್ತು. ಆ ಸಪ್ಪಳಕ್ಕೆ ಇವನು ಓಡಿಹೋಗಿ ಬಂದೂಕಿನ ಹಿಡಿಯಿಂದ ಹಮಾಲನ ದವಡೆಗೆ ಹೊಡೆದ. ಬಿದ್ದವನ ಎದೆಯ ಮೇಲೆ ಕುಳಿತು ಇನ್ನೂ ಹೊಡೆದ. ನಾಲ್ಕು ಮಂದಿ ಹಿಡಿದೆಳೆಯಬೇಕಾಯಿತು. ಹಮಾಲನ ದವಡೆ ಎರಡು ಕಡೆ ಮುರಿದು, ತಂತಿ ಬಿಗಿದು, ಈಗ ಕೊಳವೆಯಲ್ಲಿ ಗಂಜಿ ಹೀರುತ್ತಿದ್ದಾನೆ. ಕಾಂಟ್ರಾಕ್ಟರ ಪೊಲೀಸರವರೆಗೆ ಹೋಗಗೊಡಲಿಲ್ಲ. ಕಾರ್ಖಾನೆಯವರು ಬಂದೂಕನ್ನು ಸ್ಟೋರಿನಲ್ಲಿ ಬೀಗ ಹಾಕಿಟ್ಟು, ತಲೆ ಸರಿ ಇದೆ ಎಂದು ಚೀಟಿ ತಂದರೆ ಬಂದೂಕೂ ಡ್ಯೂಟಿಯೂ ವಾಪಸು ಎಂದಿದ್ದರು.

ಎಣ್ಣೆ ಹಚ್ಚಿ ಬಾಚಿದ ತಲೆ, ಮುಖ ಕಾಣುವಂತೆ ಉಜ್ಜಿದ ಬೂಟು. ಅವನು ಹೆಸರು ಬರೆಸುವಾಗ ಅವನ ಹೆಂಡತಿ ನೀರು ಕುಡಿಯುವ ನೆಪದಲ್ಲಿ ನಾನಿದ್ದ ಹಿಂದಿನ ಕೋಣೆಗೆ ಬಂದಳು.

"ಯವ್ವಾ, ನೀವು ನಮ್ಮ ಕಡಿಯವರಂತ ಮಾತಿನ ಮ್ಯಾಲ ತಿಳೀತು. ಕಾಲಿಗೆ ಬೀಳತೇನಿ, ಅವಂಗ ಚೀಟಿ ಕೊಡಬ್ಯಾಡ್ರಿ."

"ಯಾಕ?"

ತಲೆಯ ಮೇಲಿನ ಸೆರಗು ತೆಗೆದಳು. ಬಲಗಿವಿಯ ಮೇಲೆ ಅಂಗೈಯಗಲ ಕೂದಲೇ ಇರಲಿಲ್ಲ. ಬೇರುಸಮೇತ ಕಿತ್ತ ಜಾಗ, ಕೆಂಪಗೆ ಒಸರುತ್ತಿತ್ತು.

"ಬಂದೂಕ ಮನಿಗೆ ಬಂದ್ರ ಅದರಾಗ ಎರಡು ಗುಂಡ ಹಾಕತಾನಂತ. ಒಂದು ನನಗ, ಒಂದು ತನಗ. ಸಿಟ್ಟಿನ್ಯಾಗ ಅಂದಿದ್ದಲ್ಲ ಇದು. ಉಣಕೋತ ಕುಂತಾಗ ಹೇಳ್ಯಾನ, ಉಪ್ಪು ಕೊಡು ಅಂದಂಗ."

"ಡಾಕ್ಟರ್ ಬಾಯಿಗೆ ಇದನ್ನ ಹೇಳತಿ?"

"ಅಂವ ಬಾಗಲದಾಗ ನಿಂತಿರತಾನ್ರಿ."

ನಿಂತೇ ಇದ್ದ. ಡಾಕ್ಟರ್ ಬಾಯಿ ಅವಳನ್ನು ಕರೆದು ಕೇಳಿದಾಗ ಅವಳು ಬಾಗಿಲ ಕಡೆ ನೋಡಿ, "ಎಲ್ಲಾ ಆರಾಮ ಐತ್ರಿ" ಎಂದಳು.

ಆಮೇಲೆ ಹವಾಲ್ದಾರ ನನ್ನೆದುರು ಕುಳಿತ. ಬೆನ್ನು ಕುರ್ಚಿಗೆ ತಾಗಿಸಲಿಲ್ಲ, ಅಂಗೈ ಎರಡೂ ತೊಡೆಯ ಮೇಲೆ.

"ಬ್ಯಾಡಂದ್ರೂ ಆಗಿದ್ದು ಕಣ್ಣಮುಂದ—"

"ಒಟ್ಟ ಇಲ್ಲ."

"ಕೆಟ್ಟ ಕನಸ ಬೀಳತಾವೇ—"

"ಇಲ್ಲ."

"ಸಣ್ಣ ಸಪ್ಪಳಕ್ಕ—"

"ಇಲ್ಲ."

ಐದು ಪ್ರಶ್ನೆ. ಬೂದು ಪಟ್ಟಿ ಕುಗ್ಗಿ ಬೆರಳಷ್ಟಾಯಿತು, ಬೇನೆ ಇಲ್ಲವೆಂಬ ಹಸಿರು ಗುರುತು ಬಂತು. ಅವನು ಅಂಗೈ ಎತ್ತಿದಾಗ ಪ್ಯಾಂಟಿನ ಮೇಲೆ ಬೆವರಿನ ಎರಡು ಕಲೆ ಉಳಿದವು. ಯಂತ್ರಕ್ಕೆ ಅದು ಕಾಣುವುದಿಲ್ಲ.

ಅವನು ಹೋದ ಮೇಲೆ ಹೆಂಡತಿ ಹೇಳಿದ್ದನ್ನೆಲ್ಲ ಡಾಕ್ಟರ್ ಬಾಯಿಗೆ ಹೇಳಿದೆ.

"ನಾನೂ ಅರ್ಧ ಗಂಟೆ ಮಾತಾಡಿಸಿದೆ ಅಮ್ಮಾ. ತಗಡು ಬಿದ್ದಾಗ ಗಾಬರಿ ಆಯ್ತು, ತಪ್ಪಾಯ್ತು ಅಂತಾರೆ. ಅಷ್ಟೇ. ಹೆಂಡತಿ ನನ್ನ ಮುಂದೆ ಏನೂ ಹೇಳಲಿಲ್ಲ. ನೀವು ಹೇಳಿದ್ದನ್ನ ನಾನು ಬಾಯಿಬಿಟ್ಟು ಕೇಳಿದ್ರೆ, ಯಾರು ಹೇಳಿದ್ದು ಅಂತ ಅವರಿಗೆ ಗೊತ್ತಾಗಲ್ವಾ? ಅವತ್ತೇ ಹೊಡೀತಾರೆ. ಬುಧವಾರ ಇನ್ನೊಂದು ಸಲ ಕೂರಿಸೋಣ. ಶುಕ್ರವಾರ ದೊಡ್ಡ ಡಾಕ್ಟರು ಬಂದು ಎರಡನ್ನೂ ನೋಡಿ ಸಹಿ ಮಾಡ್ತಾರೆ."

ಅವಳದು ತಪ್ಪಿರಲಿಲ್ಲ. ಆದರೆ ಬುಧವಾರವೂ ಅವನು ಇಲ್ಲ ಇಲ್ಲ ಎಂದೇ ಹೇಳುತ್ತಾನೆಂದು ನನಗೆ ಗೊತ್ತಿತ್ತು. ನನ್ನ ಗಂಡನೂ ಸಿಪಾಯಿ. ಕಾಮಠಿಯ ಪಲ್ಟನ್ ಸಾಲುಮನೆಯಲ್ಲಿದ್ದಾಗ ಸಾಹೇಬರ ಮುಂದೆ ಅವನಷ್ಟು ಶಾಂತ ಮನುಷ್ಯ ಇರಲಿಲ್ಲ. ನನ್ನ ಬಾಯಲ್ಲಿ ಮುಂದಿನ ಮೂರು ಹಲ್ಲು ಇಲ್ಲ. ಕೊನೆಗೊಂದು ದಿನ ಒನಕೆ ತೆಗೆದುಕೊಂಡು ಅವನ ಮೊಣಕಾಲಿನ ಚಿಪ್ಪು ಒಡೆದೆ. ಆಮೇಲೆ ಅವನು ಸಾಯುವವರೆಗೂ ಕುಂಟಿದ, ನನ್ನ ಮೇಲೆ ಕೈ ಎತ್ತಲಿಲ್ಲ. ಹವಾಲ್ದಾರನ ಹೆಂಡತಿಗೆ ನಾನು ಅದನ್ನು ಹೇಳಿಕೊಡಲಾರೆ. ಬಂದೂಕಿನ ಮುಂದೆ ಒನಕೆ ಏನು ಮಾಡೀತು?

ಬುಧವಾರ ನಾನು ಕಳ್ಳತನ ಮಾಡಿದೆ. ಮೊದಲ ಪ್ರಶ್ನೆಗೆ ಅವನು "ಒಟ್ಟ ಇಲ್ಲ" ಎಂದ. ನಾನು ಐದನೆಯ ಗುಂಡಿ ಒತ್ತಿದೆ, ಯಾವಾಗಲೂ ಎಂಬುದನ್ನು. ಒಂದು ಸಲ ಒತ್ತಿದರೆ ಯಂತ್ರ ಆಳಕ್ಕೆ ಇಳಿಯುತ್ತದೆ, ಆಳದ ಪ್ರಶ್ನೆಗೆ ಇವನು ಸುಲಭಕ್ಕೆ ಇಲ್ಲ ಎನ್ನಲಾರ, ಇದು ನನ್ನ ಎಣಿಕೆ. ಇಳಿಯಿತು. ಎಂಬತ್ತಾರು ಎಂಬ ನಂಬರು ಬಂತು.

"ಹೊಡದ ಮ್ಯಾಲ, ಏನ ಮಾಡಿದೆ ಅನ್ನೂದು ನೆನಪ ಇರೂದಿಲ್ಲೇನು?"

ಅವನ ಬಾಯಿ ತೆರೆಯಿತು. ಇಲ್ಲ ಎಂಬುದು ಬರಲಿಲ್ಲ. ನಾನು ಗೆದ್ದೆನೆಂದುಕೊಂಡೆ. ಅವನು ನನ್ನ ಮುಖ ಬಿಟ್ಟು ನನ್ನ ಕೈ ನೋಡುತ್ತಿದ್ದ.

"ಸೋಮವಾರ ಈ ತುದಿಗೆ ಒತ್ತಿದ್ದಿ. ಇವತ್ತ ಆ ತುದಿಗೆ ಒತ್ತಿದಿ. ನಾ ಅಂದಿದ್ದು ಅದ ಮಾತು. ಯಾಕ?"

ನಾನು ಕೈ ಹಿಂದೆ ತೆಗೆಯುವಷ್ಟರಲ್ಲಿ ತೋರುಬೆರಳು ಅವನ ಮುಷ್ಟಿಯಲ್ಲಿತ್ತು. ಹಿಂದಕ್ಕೆ ಬಗ್ಗಿಸಿದ. ಹಸಿಕಡ್ಡಿ ಮುರಿದಂತೆ ಆಯಿತು. ಇನ್ನೊಂದು ಕೈ ನನ್ನ ಗಂಟಲಿಗೆ ಬಂತು. ಕುರ್ಚಿಸಮೇತ ಗೋಡೆಗೆ ಒತ್ತಿದ, ತಲೆ ಕಲ್ಲಿಗೆ ಬಡಿಯಿತು.

"ಸುಳ್ಳ ಒತ್ತತಿ, ಮುದುಕಿ? ನನ್ನ ಹೊಟ್ಟಿ ಮ್ಯಾಲ ಹೊಡೀತಿ?"

ಅವನ ಕಣ್ಣು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಹಿಂದಿನ ಗೋಡೆಯಲ್ಲಿ ಬೇರೆ ಯಾರನ್ನೋ ನೋಡುತ್ತಿತ್ತು. ನಾನು ಅವನ ಮುಖಕ್ಕೆ ಉಗುಳಿದೆ. ಆಗ ಕಂಪೌಂಡರ ಹಿಂದಿನಿಂದ ಸಲೈನಿನ ಕಬ್ಬಿಣದ ಸ್ಟ್ಯಾಂಡು ಅವನ ಎದೆಗೆ ಅಡ್ಡ ಹಾಕಿ ಎಳೆದ. ಇಬ್ಬರೂ ಬಿದ್ದರು. ಕಂಪೌಂಡರನ ತುಟಿ ಸೀಳಿತು. ಹವಾಲ್ದಾರ ಎದ್ದು, ಅಂಗಿ ಸರಿಮಾಡಿಕೊಂಡು, ಬಾಗಿಲಲ್ಲಿ ನಿಂತಿದ್ದ ಡಾಕ್ಟರ್ ಬಾಯಿಗೆ ಸಲ್ಯೂಟ್ ಹೊಡೆದು ಹೋದ.

"ಆಜಿ, ಪೊಲಿಸಾಂನಾ ಫೋನ್ ಕರತೋ," ಎಂದು ಕಂಪೌಂಡರ ಮರಾಠಿಯಲ್ಲಿ ಫೋನಿಗೆ ಕೈ ಹಾಕಿದ. ನಾನು ಬೇಡವೆಂದೆ. ಪೊಲೀಸರು ಬೆಳಿಗ್ಗೆ ಹಿಡಿದವನನ್ನು ಸಂಜೆಗೆ ಬಿಟ್ಟರೆ, ಆ ಸಂಜೆ ಏಟು ಬೀಳುವುದು ಅವನ ಹೆಂಡತಿಗೆ.

ಬೆರಳಿಗೆ ಮರದ ಪಟ್ಟಿ ಕಟ್ಟುತ್ತ ಡಾಕ್ಟರ್ ಬಾಯಿ ನನ್ನನ್ನು ಬೈದಳು.

"ನೀವು ಒತ್ತಿದ್ದು ಅವರ ಉತ್ತರ ಅಲ್ಲ, ನಿಮ್ಮ ಉತ್ತರ. ಇವತ್ತಿನದನ್ನ ಪೂರ್ತಿ ರದ್ದು ಮಾಡಬೇಕು. ಹೊಡೆದರು ಅಂತ ನಾನು ಬರೆದ್ರೆ, ಮೋಸ ಮಾಡಿದ್ರು ಅಂತ ಅವರು ಬರೀತಾರೆ. ಈಗ ಉಳಿದಿದ್ದು ಸೋಮವಾರದ್ದು ಒಂದೇ. ಅದರಲ್ಲಿ ಏನೂ ಇಲ್ಲ ಅಂತಿದೆ. ನೀವೇ ಅವರಿಗೆ ಚೀಟಿ ಕೊಡಿಸಿದ ಹಾಗಾಯ್ತು."

ನಿಜ. ಆ ಹೆಣ್ಣುಮಗಳ ತಲೆಗೆ ಗುಂಡು ಬಿದ್ದರೆ ಅದರಲ್ಲಿ ನನ್ನ ಬೆರಳೂ ಇರುತ್ತದೆ. ಆದರೂ ಸಿಟ್ಟು ಬಂತು.

"ಸೋಮವಾರದ್ದು ಖರೇ ಅಂತೀರೇನು? ಅಂವ ಪ್ರಶ್ನೆ ಪೂರ್ತಿ ಕೇಳಿಸಿಕೊಂಡಾನಂತ ಮಾಡೀರೇನು? ನಾ ಬಾಯಿ ಮುಚ್ಚೂದ್ರಾಗ ಇಲ್ಲ ಅಂದಾನ. ಅದು ಉತ್ತರ ಅಲ್ರಿ, ದರಬಾರದ ಕೂಗು."

"ಯಾವ ದರ್ಬಾರು?"

ಅವಳಿಗೆ ಗೊತ್ತಿರಲಿಲ್ಲ, ನಾನು ಹೇಳಿದೆ. ಪಲ್ಟನ್ನಿನಲ್ಲಿ ತಿಂಗಳಿಗೊಮ್ಮೆ ಎಲ್ಲ ಜವಾನರನ್ನೂ ಸಾಲಾಗಿ ಕೂರಿಸಿ ದೊಡ್ಡ ಸಾಹೇಬ ಯಾರಿಗಾದರೂ ತೊಂದರೆಯೇ ಎಂದು ಕೇಳುತ್ತಾನೆ: ಕೋಯೀ ತಕ್ಲೀಫ್? ಕಾಲಿನಲ್ಲಿ ಹುಣ್ಣಿರಲಿ, ಊರಲ್ಲಿ ತಾಯಿ ಸತ್ತಿರಲಿ, ಇಡೀ ಸಾಲು ಒಂದೇ ಗಂಟಲಲ್ಲಿ ಕೂಗುತ್ತದೆ: ನಹೀಂ ಸಾಬ್! ಸಾಹೇಬನ ಮಾತು ಮುಗಿಯುವ ಮೊದಲೇ ಕೂಗಬೇಕು, ತಡವಾದವನ ಕಡೆಗೆ ಸುಬೇದಾರ ತಿರುಗಿ ನೋಡುತ್ತಾನೆ. ಇಪ್ಪತ್ತು ವರ್ಷ ಹಾಗೆ ಕೂಗಿದವನ ಎದುರು ಯಾರಾದರೂ ಕುಳಿತು ನಿನಗೇನು ತೊಂದರೆ ಎಂದರೆ ಅವನ ಬಾಯಿ ತಾನೇ ಕೂಗುತ್ತದೆ. ಯಂತ್ರ ಮೊದಲ ಐದು ಕೂಗನ್ನು ನಂಬಿ ನಿಂತುಬಿಡುತ್ತದೆ.

ಡಾಕ್ಟರ್ ಬಾಯಿ ಬ್ಯಾಂಡೇಜನ್ನು ಅರ್ಧಕ್ಕೇ ಬಿಟ್ಟು ಕಂಪ್ಯೂಟರ್ ತೆಗೆದಳು. ಪ್ರಶ್ನೆ ಯಾವಾಗ ಬಂತು, ಗುಂಡಿ ಯಾವಾಗ ಒತ್ತಿದ್ದು ಎಂಬ ಹೊತ್ತನ್ನು ಯಂತ್ರ ಬರೆದಿಟ್ಟಿರುತ್ತದಂತೆ. ನನಗೆ ಪ್ರಶ್ನೆಗಳನ್ನು ಪೂರ್ತಿ ಹೇಳಿಸಿ ಗಡಿಯಾರ ಹಿಡಿದಳು. ನಾನು ಒಂದು ಪ್ರಶ್ನೆ ಹೇಳಿ ಮುಗಿಸಲು ಬೇಕಾದ ಹೊತ್ತಿಗಿಂತ ಮೊದಲೇ ಹವಾಲ್ದಾರನ ಉತ್ತರ ಒತ್ತಿಯಾಗಿತ್ತು. ಐದಕ್ಕೆ ಐದೂ. ಆಮೇಲೆ ಮೊದಲ ವಾರದ ಹನ್ನೊಂದು ಮಂದಿಯದನ್ನೂ ತೆಗೆದಳು. ಎಲ್ಲರದೂ ಅದೇ.

"ಅಯ್ಯೋ ಅಮ್ಮಾ," ಎಂದಳು. "ಯಾರೂ ಪ್ರಶ್ನೆ ಪೂರ್ತಿ ಕೇಳಿಸಿಕೊಂಡೇ ಇಲ್ಲ."

"ನನಗೂ ಮೊದಲ ದಿನಾನ ಹೊಳೀಬೇಕಾಗಿತ್ತು. ಜಲ್ದಿ ಮುಗೀತೈತಿ ಅಂತ ಖುಷಿ ಪಟ್ಟೆ," ಎಂದೆ. ಅದು ಇಬ್ಬರ ತಪ್ಪೂ ಹೌದು.

ಸಂಜೆಯೊಳಗೆ ಅವಳು ಪರೀಕ್ಷೆಯ ನಡಿಗೆ ಬದಲಿಸಿದಳು. ಎದುರಿಗೆ ಮನುಷ್ಯರು ಕೂರುವಂತಿಲ್ಲ. ಪ್ರಶ್ನೆ ಕಿವಿಯೊಳಗೆ ಇಯರ್‌ಫೋನಿನಲ್ಲಿ ಬರಬೇಕು, ಅದು ಮುಗಿಯುವವರೆಗೆ ಗುಂಡಿ ಮೂಡಲೇಬಾರದು. ಓದಲಾಗದವರಿಗೆ ಗುಂಡಿಯ ಮೇಲೆ ಲೋಟದ ಚಿತ್ರ, ಖಾಲಿ ಲೋಟದಿಂದ ತುಂಬಿದ ಲೋಟದವರೆಗೆ ಐದು. ಪಟ್ಟಿ ಎಷ್ಟೇ ಕಿರಿದಾದರೂ ಹನ್ನೆರಡು ಪ್ರಶ್ನೆಗಿಂತ ಮೊದಲು ನಿಲ್ಲುವಂತಿಲ್ಲ.

ಧ್ವನಿ ಯಾರದು? ಗುರುವಾರ ಮೊದಲು ಅವಳದೇ ಹಾಕಿ ಒಬ್ಬ ಮುದುಕ ಸುಬೇದಾರನಿಗೆ ಕೇಳಿಸಿದೆವು. ಆ ಬೆಂಗಳೂರಿನ ಮಾತು ಕಿವಿಗೆ ಬಿದ್ದದ್ದೇ ಅವನು ಕುರ್ಚಿಯಲ್ಲಿ ನೆಟ್ಟಗಾಗಿ, ಖಾಲಿ ಕೋಣೆಗೆ "ನಹೀಂ ಮೇಡಮ್ ಸಾಬ್!" ಎಂದು ಕೂಗಿದ. ಕಂಪೌಂಡರ ಹೊಲಿಗೆ ಹಾಕಿದ ತುಟಿಯಲ್ಲೇ ನಗಲು ಹೋಗಿ ಅಯ್ಯಯ್ಯೋ ಎಂದ. ಹಾಗಾಗಿ ನನ್ನ ಧ್ವನಿ ಬೇಕಾಯಿತು. ಹಿಂದಿನ ಕೋಣೆಯಲ್ಲಿ ಫ್ಯಾನ್ ಆರಿಸಿ ಇಡೀ ದಿನ ಹೇಳಿದೆ. ಪಕ್ಕದ ಮನೆಯ ಕುಕ್ಕರು ಕೂಗಿದಾಗಲೆಲ್ಲ ಆ ಪ್ರಶ್ನೆಯನ್ನು ಮತ್ತೆ ಹೇಳಿದೆ. ಕನಿಕರ ಬೇಡ, ಗದರಿಕೆ ಬೇಡ, ಹಾಲು ತಂದೆಯಾ ಎಂದು ಕೇಳಿದ ಹಾಗೆ ಕೇಳಿ ಎಂದಳು. ನನಗೆ ಬರುವುದು ಅದೊಂದೇ ರೀತಿ.

ಆದರೆ ಹವಾಲ್ದಾರನ ಕಿವಿಗೆ ಅದು ಮೋಸ ಮಾಡಿದ ಮುದುಕಿಯ ಧ್ವನಿ. ಇದರ ದಾರಿ ನಾನೇ ನೋಡಬೇಕಿತ್ತು.

ಶುಕ್ರವಾರ ಅವನು ಹೆಂಡತಿಯೊಂದಿಗೆ ಬಂದ. ದೊಡ್ಡ ಡಾಕ್ಟರು ಗುಂಡಿ ಒತ್ತಿದ ಹೊತ್ತಿನ ಲೆಕ್ಕ ನೋಡಿ, ಸೋಮವಾರದ್ದು ನಡೆಯುವುದಿಲ್ಲ, ಇನ್ನೊಮ್ಮೆ ಒಬ್ಬನೇ ಕುಳಿತುಕೊಂಡರೆ ಮಾತ್ರ ಸಹಿ ಮಾಡುವ ಮಾತು ಎಂದರು. ಅವನ ಕತ್ತಿನ ನರ ಉಬ್ಬಿತು. ನಾನು ಹತ್ತಿರ ಹೋಗಿ ನಿಂತೆ. ಕಂಪೌಂಡರ ಸ್ಟ್ಯಾಂಡು ಹಿಡಿದೇ ನಿಂತಿದ್ದ.

"ತಮ್ಮಾ, ನಾ ಸುಳ್ಳ ಒತ್ತಿದ್ದು ಖರೆ. ನೀ ನನ್ನ ಬೆರಳ ಮುರದಿದ್ದೂ ಖರೆ. ಬರೋಬರ್ ಆತು."

ಅವನು ನನ್ನ ಬೆರಳಿನ ಪಟ್ಟಿ ನೋಡಿದ. "ಯಾಕ ಒತ್ತಿದಿ?"

ಅವನ ಹೆಂಡತಿ ಹಿಂದೆಯೇ ನಿಂತಿದ್ದಳು. ನಾನು ಅವಳ ಕಡೆ ನೋಡಲಿಲ್ಲ.

"ನನ್ನ ಗಂಡನೂ ಎಲ್ಲಾದಕ್ಕೂ ನಹೀಂ ಸಾಬ್ ಅಂತಿದ್ದ. ನೀನೂ ಹಂಗ ಅಂದಿ. ನನಗ ಸಿಟ್ಟ ಬಂತು. ಇವತ್ತ ಯಾರೂ ಒತ್ತೂದಿಲ್ಲ, ಗುಂಡಿ ನಿನ್ನ ಕೈಯಾಗ ಐತಿ. ಕಿವ್ಯಾಗ ನನ್ನ ದನಿ ಬರತೈತಿ. ಬೈಯ್ಯೂದಿದ್ರ ಬೈಯಿ, ನನಗ ಕೇಳೂದಿಲ್ಲ."

"ಚಲೋ," ಎಂದು ಒಳಗೆ ಹೋದ.

ಗಾಜಿನ 'ಪಾರ್ಟಿಶನ್' ಹಾಕಿದ ಸಣ್ಣ ಕೋಣೆ. ಒಳಗೆ ಅವನು, ಹೊರಗೆ ಡಾಕ್ಟರ್ ಬಾಯಿಯ ಕಂಪ್ಯೂಟರು. ಒಂದೊಂದು ಉತ್ತರವೂ ಒತ್ತಿದ ಕೂಡಲೇ ಇಲ್ಲಿಗೆ ಬರುತ್ತದೆ. "ನೀವು ನೋಡಬಾರದಮ್ಮಾ," ಎಂದಳು. ನಾನು ನೋಡಿದೆ.

ಮೊದಲ ಎರಡಕ್ಕೆ ಖಾಲಿ ಲೋಟ. ಮೂರನೆಯದು ಹನ್ನೆರಡನೆಯ ನಂಬರು, ಕೆಟ್ಟ ಕನಸಿನದು. ಅದಕ್ಕೂ ಖಾಲಿ ಲೋಟ. ಯಂತ್ರ ನಿದ್ದೆಯ ಪ್ರಶ್ನೆಗೆ ತಿರುಗಿತು: ಕಣ್ಣು ಹತ್ತೂದಿಲ್ಲೇನು? ಗಾಜಿನಾಚೆ ಅವನ ಬೆರಳು ಖಾಲಿ ಲೋಟದವರೆಗೆ ಹೋಗಿ ಹಿಂದೆ ಬಂತು. ಆಮೇಲೆ ತುಂಬಿದ ಲೋಟ ಒತ್ತಿದ.

"ಮಲಗಿದ್ರೆ ತಾನೇ ಕನಸು ಬೀಳೋದು," ಎಂದು ಡಾಕ್ಟರ್ ಬಾಯಿ ಪಿಸುಗುಟ್ಟಿದಳು.

ಅಲ್ಲಿಂದ ಯಂತ್ರ ಆಳಕ್ಕೆ ಇಳಿಯತೊಡಗಿತು. ಪ್ರಶ್ನೆ ಭಾರವಾಗುತ್ತ ಹೋದವು. ಒಂಬತ್ತು, ಹತ್ತು. ಹನ್ನೆರಡು ದಾಟಿತು, ನಿಲ್ಲಲಿಲ್ಲ. ನಂಬರು ನಲವತ್ತೊಂದು: ಮನಿ ಮಂದಿ ನಿನಗ ಅಂಜತಾರೇನು? ನಾಲ್ಕನೆಯ ಲೋಟ. ಎಂಬತ್ತಾರು: ಹೊಡದ ಮ್ಯಾಲ, ಏನ ಮಾಡಿದೆ ಅನ್ನೂದು ನೆನಪ ಇರೂದಿಲ್ಲೇನು? ನಾಲ್ಕನೆಯ ಲೋಟ. ಬೂದು ಪಟ್ಟಿ ಕಿರಿದಾಗುತ್ತ ಮೇಲೆ ಹೆಚ್ಚು ಬೇನೆಯ ಕೆಂಪು ಕಡೆಗೆ ಸರಿಯುತ್ತಿತ್ತು. ಹದಿನೇಳನೆಯ ಪ್ರಶ್ನೆ, ನಂಬರು ನೂರಾ ಮೂರು: ಮನಿಯವರು ವೈರಿಗಳಂಗ ಕಾಣತಾರೇನು?

ಅವನು ತುಂಬಿದ ಲೋಟ ಒತ್ತಿದ. ಒತ್ತಿದ ಕೈಯಲ್ಲೇ ಟ್ಯಾಬ್ ಎತ್ತಿ ಮೇಜಿನ ಅಂಚಿಗೆ ಬಡಿದ. ಎರಡಾಗುವವರೆಗೆ ಬಡಿದ. ಇಯರ್‌ಫೋನನ್ನು ಕಿವಿಯಿಂದ ಕಿತ್ತು, ತಲೆ ಹಿಂದಕ್ಕೆ ತೆಗೆದು, ಹಣೆಯನ್ನು ಗಾಜಿಗೆ ಗುದ್ದಿದ. ಮೊದಲ ಗುದ್ದಿಗೆ ಬಿರುಕು. ಎರಡನೆಯದಕ್ಕೆ ಗಾಜು ಅವನ ಎದೆಯ ಮೇಲೆ ಇಳಿಯಿತು. ಹುಬ್ಬಿನ ಮೇಲಿನ ಚರ್ಮ ಹರಿದು ಕಣ್ಣಿನ ಮೇಲೆ ಜೋತುಬಿತ್ತು. ಮೂರನೆಯ ಸಲಕ್ಕೆ ಗಾಜೇ ಇರಲಿಲ್ಲ, ಚೌಕಟ್ಟಿಗೆ ಗುದ್ದಿದ.

ಕಂಪೌಂಡರನೂ ದೊಡ್ಡ ಡಾಕ್ಟರೂ ಹಿಡಿದು ಕೂರಿಸಿದರು. ನಾನು ಹತ್ತಿ ತೆಗೆದುಕೊಂಡು ಹೋಗಿ ಆ ಚರ್ಮವನ್ನು ಮೇಲಕ್ಕೆ ಒತ್ತಿ ಹಿಡಿದೆ.

"ತಗಡು, ಯವ್ವಾ," ಎಂದ. ಅವನ ದನಿ ಬೇರೆಯಾಗಿತ್ತು. "ಬಂಕರಿಗೆ ತಗಡ ಹೊದಿಸಿದ್ದಿವಿ. ತೋಪಿನ ಗೋಳಾ ಬಿತ್ತು, ತಗಡ ಹಾರಿ ಬಂತು. ನನ್ನ ಜೋಡಿದಾರನ ಕುತ್ತಿಗಿ ಕತ್ತರಿಸ್ತು. ತಲಿ ನನ್ನ ತೊಡಿ ಮ್ಯಾಲ. ಕಣ್ಣ ತಗದ ಇದ್ದವು. ಇಕಿ ಗಂಗಾಳ ಇಟ್ರ ಸಪ್ಪಳ, ಬಕೀಟ ಇಟ್ರ ಸಪ್ಪಳ. ಸಪ್ಪಳ ಮಾಡಿದವರನ್ನ ಕೊಲ್ಲಬೇಕನಸತೈತಿ. ಬ್ಯಾರೆ ಏನೂ ತೋಚೂದಿಲ್ಲ."

ಟ್ಯಾಬ್ ಒಡೆದರೂ ಉತ್ತರ ಹೋಗಿರಲಿಲ್ಲ. ಹದಿನೇಳನೆಯದಕ್ಕೇ ಯಂತ್ರಕ್ಕೆ ಖಾತ್ರಿಯಾಗಿ ನಿಂತಿತ್ತು. ಡಾಕ್ಟರ್ ಬಾಯಿ ಪರದೆಯನ್ನು ದೊಡ್ಡ ಡಾಕ್ಟರ ಕಡೆಗೆ ತಿರುಗಿಸಿದಳು. ಅವರು ಹವಾಲ್ದಾರನಿಗೆ ನೇರವಾಗಿ ಹೇಳಿದರು: ಚೀಟಿ ಇಲ್ಲ. ಇವತ್ತೇ ಆಸ್ಪತ್ರೆಗೆ ಸೇರಬೇಕು. ಬಂದೂಕು ಕಾರ್ಖಾನೆಯಿಂದ ನೇರ ಪೊಲೀಸ್ ಠಾಣೆಗೆ ಹೋಗುತ್ತದೆ, ಪತ್ರ ಈಗಲೇ ಬರೆಯುತ್ತೇನೆ.

ಅವನು ಹೆಂಡತಿಯ ಕಡೆ ನೋಡಿದ. "ಮನಿಗೆ ನಡಿ," ಎಂದ.

ಅವಳು ಬಾಗಿಲ ಹತ್ತಿರ, ಹೊರಗಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದಳು. "ಒಲ್ಲೆ," ಎಂದಳು. ಆಮೇಲೆ ಡಾಕ್ಟರ್ ಬಾಯಿಗೆ, ಅವನಿಗೆ ಕೇಳುವಂತೆಯೇ, ಎಲ್ಲವನ್ನೂ ಹೇಳಿದಳು. ಎಷ್ಟು ಸಲ, ಯಾವುದರಿಂದ, ಎಲ್ಲಿ. ಕಂಪೌಂಡರ ಅವನ ಹೆಗಲು ಒತ್ತಿ ಹಿಡಿದಿದ್ದ. ಹಣೆಯ ರಕ್ತ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ.

ಅವನು ಆಸ್ಪತ್ರೆಯಲ್ಲಿದ್ದಾಗ ಬೇರೆ ಟ್ಯಾಬ್ ತರಿಸಿ, ಹನ್ನೊಂದು ಮಂದಿಯನ್ನೂ ಮತ್ತೆ ಕರೆಸಿ ಹೊಸ ರೀತಿಯಲ್ಲಿ ಕೂರಿಸಿದೆವು. ಏಳು ಮಂದಿಯ ಪಟ್ಟಿ ಕೆಂಪಿಗೆ ಹೋಯಿತು. ಇಬ್ಬರು ಅರ್ಧಕ್ಕೆ ಎದ್ದು ಹೊರಟರು, ಅವರಲ್ಲಿ ಒಬ್ಬ ಬಾಗಿಲಿಗೆ ಒದ್ದು ಕೀಲು ಕಿತ್ತ. ಹೋದವರ ಮನೆಗೆ ಡಾಕ್ಟರ್ ಬಾಯಿ ತಾನೇ ಹೋದಳು. ಹವಾಲ್ದಾರನ ಹೆಂಡತಿ ಬುಟಿಬೋರಿಯ ಬಾಡಿಗೆ ಖೋಲಿ ಖಾಲಿ ಮಾಡಿ, ಕಳಮನಾದ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸ ಹಿಡಿದಳು. ಜಾಗ ನೋಡಿಕೊಟ್ಟವಳು ನಾನು.

ಎಂಟು ವಾರದ ಮೇಲೆ ಅವನು ಹೊರಗೆ ಬಂದ. ಔಷಧ ನಡೆದಿತ್ತು, ಮುಖ ಊದಿತ್ತು. ಮತ್ತೆ ಪರೀಕ್ಷೆಗೆ ಕುಳಿತ. ಪಟ್ಟಿ ಕೆಂಪಿನಿಂದ ಇಳಿದಿತ್ತು, ಆದರೆ ಹಸಿರಿಗೆ ಬಂದಿರಲಿಲ್ಲ. ಮುಗಿಸಿ ಹೊರಬಂದು ನನ್ನ ಮೇಜಿನ ಮುಂದೆ ನಿಂತ.

"ಅಕಿ ಎಲ್ಲಿ ಅದಾಳ?"

"ನನಗ ಗೊತ್ತೈತಿ. ಹೇಳೂದಿಲ್ಲ."

ಅವನ ಎರಡೂ ಕೈ ಮೇಜಿನ ಅಂಚನ್ನು ಹಿಡಿದವು. ನಾನು ಕುರ್ಚಿಯಿಂದ ಎದ್ದು, ಮೇಜು ನಮ್ಮಿಬ್ಬರ ನಡುವೆಯೇ ಇರುವಂತೆ ನಿಂತೆ.

"ಆರಾಮ ಅದಾಳೇನು? ಅಷ್ಟರ ಹೇಳ."

"ಉಣತಾಳ, ದುಡೀತಾಳ."

"ಬಂದೂಕ ಮಾರಾಕ ಅರ್ಜಿ ಕೊಟ್ಟೇನಿ. ಅಕಿಗೆ ತಿಳಸು."

"ತಿಳಸತೇನಿ. ಆದ್ರ ಅಕಿನ್ನ ಹೊಡೀವಾಗ ನಿನ್ನ ಕೈಯಾಗ ಬಂದೂಕ ಇರತಿದ್ದಿಲ್ಲ, ತಮ್ಮಾ."

ಅವನ ಕೈ ಮೇಜು ಬಿಟ್ಟವು.

"ಇನ್ನೊಮ್ಮೆ ಯಾವಾಗ ಕುಂಡ್ರಬೇಕು?"

"ಮುಂದಿನ ತಿಂಗಳ ಮೊದಲನೇ ಸೋಮವಾರ."

ಹೋದ. ಅವನು ಓಣಿಯ ತಿರುವು ದಾಟುವವರೆಗೆ ಬಾಗಿಲಿಗೆ ಚಿಲಕ ಹಾಕಿಕೊಂಡು ಕಿಟಕಿಯಿಂದ ನೋಡಿದೆ. ಆಮೇಲೆ ತೆಗೆದೆ. ಹೊರಗೆ ಪರೀಕ್ಷೆಗೆ ಕಾದು ಇನ್ನೂ ಮೂವರು ಕುಳಿತಿದ್ದರು.